ಆತಕೂರಿನ ಕಾಳಿ, ಡೊಂಬಿವಲಿಯ ಕಾಳಿ

ಕನ್ನಡದಲ್ಲಿ ‘ನೀರುನಾಯಿ’ ಎಂಬ ಹೆಸರಿನ ಪ್ರಾಣಿ ನಾಯಿಯ ಜಾತಿಗೆ ಸೇರಿದುದಲ್ಲ. ತುಂಗಭದ್ರೆ, ಕಾವೇರಿಗಳಲ್ಲಿ ಮೀನು ಹಿಡಿದು ಬದುಕುವ, ನುಣುಪು ಮೈಯ, ದಪ್ಪ ಬಾಲದ ಕಾಡುಪ್ರಾಣಿ ಅದು. ಕರ್ನಾಟಕ ಸರ್ಕಾರವು 2015ರಲ್ಲಿ ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹರವನ್ನು ಅದಕ್ಕೆಂದೇ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದೆ. ಇದೇ ಪ್ರಾಣಿಯನ್ನು ಮರಾಠಿಗರು ‘ಪಾಣಮಾಂಜರ’ ಎನ್ನುತ್ತಾರೆ, ಎಂದರೆ ನೀರುಬೆಕ್ಕು. ಗಡಿಯ ಈಚೆಗೆ ನಾಯಿಯಾದದ್ದು ಆಚೆಗೆ ಬೆಕ್ಕಾಗಿದೆ.

ಈ ಭೇದ ನನಗೆ ತಿಳಿದದ್ದು ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಮಳೆಯಲ್ಲಿ ತೊಯ್ದು, ಬಾಲವನ್ನು ಅತ್ತಿತ್ತ ಬೀಸಿ ಗೋಡೆಗೆಲ್ಲ ನೀರು ಸಿಡಿಸುತ್ತ ಮೇಲೇರುತ್ತಿದ್ದ ನಮ್ಮ ಲ್ಯಾಬ್ರಡಾರ್ ನಾಯಿಯನ್ನು ಕಂಡು ಎದುರು ಮನೆಯ ಕಾಕು, “ಹೀ ತರ್ ಪಾಣಮಾಂಜರಚ್ ಆಹೆ” ಎಂದು ನಕ್ಕರು. ಇದು ನೀರುಬೆಕ್ಕೇ ಸರಿ ಎಂಬುದು ಆ ಮಾತಿನ ಅರ್ಥ. ನೀರುನಾಯಿ ಎಂಬ ನಮ್ಮ ಪದವನ್ನು ನಾನು ಹೇಳಿದಾಗ ಅವರು ಇನ್ನಷ್ಟು ನಕ್ಕರು. ಇಂಗ್ಲೆಂಡಿನ ತಳಿಗಾರರು ಕೂಡ ನೂರೈವತ್ತು ವರ್ಷಗಳಿಂದ ಈ ನಾಯಿಯ ಬಾಲವನ್ನು ಅದೇ ಪ್ರಾಣಿಯ ಬಾಲಕ್ಕೆ ಹೋಲಿಸುತ್ತ ಬಂದಿದ್ದಾರೆಂಬುದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಈ ನಾಯಿ ನಮ್ಮ ಮನೆಗೆ ಬಂದದ್ದು 2012ರ ಜೂನ್ ತಿಂಗಳಲ್ಲಿ. ಬಣ್ಣ ಕಪ್ಪು, ನಾನಿಟ್ಟ ಹೆಸರು ಕಾಳಿ. ಮರಾಠಿಯಲ್ಲಿಯೂ ‘ಕಾಳಿ’ ಎಂದರೆ ಕಪ್ಪನೆಯವಳು ಎಂದೇ ಅರ್ಥವಾದ್ದರಿಂದ ನೆರೆಹೊರೆಯವರಿಗೆ ಆ ಹೆಸರು ಸಹಜವಾಗಿ ಒಗ್ಗಿತು. ಆ ಹೆಸರಿನ ಮೂಲ ಬೇರೆಯದು. ಅದನ್ನು ಮುಂದೆ ಹೇಳುತ್ತೇನೆ. ಎರಡು ವರ್ಷ ತುಂಬುವುದರೊಳಗೆ ಕಾಳಿ 34 ಕಿಲೋ ತೂಗಿತು. ಬಂದವರ ಮೊಣಕಾಲಿಗೆ ಒರಗಿ ನಿಲ್ಲುವುದು, ಕುಳಿತವರ ಪಾದದ ಮೇಲೆ ತಾನು ಕೂರುವುದು, ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿದರೆ ಓಡಿಬಂದು ಬಕೆಟ್ಟಿನಲ್ಲಿ ಮುಖ ಅದ್ದುವುದು ಅದರ ನಿತ್ಯದ ಕ್ರಮ. ಮೊದಲ ಮಳೆ ಬಂದ ದಿನ ಅದನ್ನು ಮನೆಯೊಳಗೆ ಹಿಡಿದಿಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಕಟ್ಟಡದ ಅಂಗಳದಲ್ಲಿ ನಿಂತ ನೀರಿನಲ್ಲಿ ಅಂಗಾತ ಹೊರಳಿ, ನಾಲ್ಕು ಕಾಲುಗಳನ್ನೂ ಆಕಾಶಕ್ಕೆತ್ತಿ ಮಲಗುತ್ತಿತ್ತು. ನೀರಿನ ಮೇಲಿನ ಈ ಮೋಹ ಇದಕ್ಕೆ ಎಲ್ಲಿಂದ ಬಂತೆಂಬ ಕುತೂಹಲವೇ ನನ್ನನ್ನು ಇದರ ಚರಿತ್ರೆಯತ್ತ ಒಯ್ದಿತು.

ಲ್ಯಾಬ್ರಡಾರ್ ಎಂಬ ಹೆಸರಿದ್ದರೂ ಈ ತಳಿಯ ತವರು ಕೆನಡಾದ ಪೂರ್ವ ಕರಾವಳಿಯ ನ್ಯೂಫೌಂಡ್‌ಲೆಂಡ್ ದ್ವೀಪ. ಅಲ್ಲಿನ ಕಡಲಲ್ಲಿ ಕಾಡ್ ಮೀನು ಹೇರಳವಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ನೈಋತ್ಯ ಜಿಲ್ಲೆಗಳ ಬೆಸ್ತರು ಹಡಗು ಕಟ್ಟಿಕೊಂಡು ಹೋಗುತ್ತಿದ್ದರು. ಅವರೊಂದಿಗೆ ಹೋದ ನಾಯಿಗಳ ಬೆರಕೆಯಿಂದ ಅಲ್ಲಿ ಒಂದು ಹೊಸ ಬಗೆಯ ನಾಯಿ ರೂಪುಗೊಂಡಿತು. ಅದನ್ನು ಸೇಂಟ್ ಜಾನ್ಸ್ ಪಟ್ಟಣದ ನೀರಿನ ನಾಯಿ ಎಂದು ಕರೆದರು. ಕಪ್ಪು ಮೈ, ಎದೆಯ ಮೇಲೆ ಬಿಳಿಯ ಮಚ್ಚೆ, ಗಿಡ್ಡ ಒತ್ತು ಕೂದಲು ಅದರ ಲಕ್ಷಣ. ಗಾಳದಿಂದ ಕಳಚಿಬಿದ್ದ ಮೀನನ್ನು ಹಿಡಿದು ತರುವುದು, ಬಲೆಯ ತುದಿಯನ್ನೂ ಹಗ್ಗವನ್ನೂ ಬಾಯಲ್ಲಿ ಕಚ್ಚಿ ದೋಣಿಯಿಂದ ದಡಕ್ಕೆ ಈಜಿ ಮುಟ್ಟಿಸುವುದು ಅದರ ಕೆಲಸ. ಮಂಜುಗಡ್ಡೆ ತೇಲುವ ನೀರಿನಲ್ಲಿ ದಿನಕ್ಕೆ ಹತ್ತಾರು ಬಾರಿ ಧುಮುಕಬೇಕು. ಬಾಯಲ್ಲಿ ಹಿಡಿದದ್ದನ್ನು ಕೆಡಿಸಬಾರದು. ಕರೆದೊಡನೆ ಮರಳಿ ಬರಬೇಕು. ಈ ಮೂರು ಗುಣಗಳಿದ್ದ ಮರಿಗಳನ್ನು ಬೆಸ್ತರು ಉಳಿಸಿಕೊಂಡರು. ನಮ್ಮ ಕಾಳಿ ಮಗನ ಚಪ್ಪಲಿಯನ್ನು ಹಲ್ಲಿನ ಗುರುತೂ ಬೀಳದಂತೆ ಬಾಯಲ್ಲಿ ಹಿಡಿದು ತಂದು ಬಂದ ಅತಿಥಿಯ ಮುಂದಿಡುತ್ತಿದ್ದುದು ಆ ಹಳೆಯ ಮೀನುಗಾರಿಕೆಯ ಉಳಿಕೆ.

ಮೀನಿನ ಹಡಗುಗಳೊಂದಿಗೆ ಈ ನಾಯಿಗಳು 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಅಲ್ಲಿಗೆ ಸಮೀಪದಲ್ಲಿದ್ದ ಮಾಮ್ಸ್‌ಬರಿಯ ಅರ್ಲ್ ಮನೆತನದವರು ಅವನ್ನು ಕೊಂಡು, ಜೌಗು ನೆಲದಲ್ಲಿ ಬೇಟೆಯ ಹಕ್ಕಿಗಳನ್ನು ಹೆಕ್ಕಿ ತರಲು ಪಳಗಿಸಿದರು. ಆ ಮನೆತನದ ಮೂರನೆಯ ಅರ್ಲ್ 1887ರಲ್ಲಿ ಬರೆದ ಒಂದು ಪತ್ರ ತಳಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಎಣ್ಣೆ ಹಚ್ಚಿದಂತೆ ನೀರನ್ನು ಜಾರಿಸುವ ಕೂದಲು, ಎಲ್ಲಕ್ಕಿಂತ ಮಿಗಿಲಾಗಿ ನೀರುನಾಯಿಯಂಥ ಬಾಲ ಈ ತಳಿಯ ಗುರುತೆಂದು ಆತ ಅದರಲ್ಲಿ ಹೇಳುತ್ತಾನೆ. ಆತ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕ್ ಮನೆತನಕ್ಕೆ ಕೊಟ್ಟ ಕೆಲವು ನಾಯಿಗಳೇ ಇಂದಿನ ಲ್ಯಾಬ್ರಡಾರ್ ಸಂತತಿಯ ಮೂಲಪುರುಷರು. 1903ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಇದನ್ನು ಸ್ವತಂತ್ರ ತಳಿಯೆಂದು ಅಂಗೀಕರಿಸಿತು.

ತವರಿನಲ್ಲಿ ಮಾತ್ರ ಈ ನಾಯಿಯ ಗತಿ ಬೇರೆಯಾಯಿತು. ನ್ಯೂಫೌಂಡ್‌ಲೆಂಡಿನ ಗವರ್ನರನೊಬ್ಬ 1780ರಲ್ಲಿಯೇ ಮನೆಗೊಂದೇ ನಾಯಿ ಎಂಬ ಕಟ್ಟಳೆ ತಂದಿದ್ದ. 1885ರಲ್ಲಿ ಕುರಿಸಾಕಣೆಯ ರಕ್ಷಣೆಗೆಂದು ಬಂದ ಕಾನೂನು ನಾಯಿ ಸಾಕುವುದನ್ನೇ ನಿಷೇಧಿಸಲು ಆಯಾ ಊರುಗಳಿಗೆ ಅವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ ಆಮದಿನ ನಾಯಿಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಬಂದ ಮೇಲೆ ಸಾಗಣೆಯೂ ನಿಂತಿತು. ಸೇಂಟ್ ಜಾನ್ಸ್ ನಾಯಿಗಳು ಕ್ರಮೇಣ ಕಡಮೆಯಾಗಿ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ದೂರದ ಒಂದು ಬೆಸ್ತರ ಹಳ್ಳಿಯಲ್ಲಿ ಎರಡೇ ಮುದಿ ಗಂಡುನಾಯಿಗಳು ಉಳಿದಿದ್ದವು. ಅವುಗಳೊಂದಿಗೆ ಆ ತಳಿ ಅಳಿಯಿತು. ಇಂದು ಕಲ್ಯಾಣದ ಫ್ಲ್ಯಾಟುಗಳಲ್ಲಿಯೂ ನವಿ ಮುಂಬಯಿಯ ನೆರೂಳಿನ ಕೆರೆಯಂಚಿನಲ್ಲಿಯೂ ಸಂಜೆ ಕಾಣಸಿಗುವ ಲ್ಯಾಬ್ರಡಾರ್‌ಗಳಿಗೆ ಮರಳಿಹೋಗಲು ತವರೆಂಬುದಿಲ್ಲ. ಹೊರನಾಡಿನಲ್ಲಿ ಬದುಕುವ ನಮಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ನಮಗಾದರೂ ವರ್ಷಕ್ಕೊಮ್ಮೆ ಊರಿಗೆ ಹೋಗಲು ಗಾಡಿ ಇದೆ.

ತವರು ಅಳಿದರೂ ಅದು ಮೈಯಲ್ಲಿ ಉಳಿದಿದೆ. ಲ್ಯಾಬ್ರಡಾರ್‌ನ ಮೈಮೇಲೆ ಎರಡು ಪದರ ಕೂದಲು: ಮೇಲಿನದು ಒರಟು, ಒಳಗಿನದು ಅರಳೆಯಂತೆ ಮೃದು. ಹಿಮದ ನೀರು ಚರ್ಮಕ್ಕೆ ತಾಗದಂತೆ ಮಾಡಿದ ಈ ಏರ್ಪಾಡು ಥಾಣೆಯ ಮೇ ತಿಂಗಳಲ್ಲಿ ಕಂಬಳಿ ಹೊದ್ದಂತೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತ, ಬಾಯಿಯ ತೇವವನ್ನು ಗಾಳಿಗೆ ಆರಿಸಿ ಮೈಯ ಕಾವನ್ನು ಇಳಿಸಿಕೊಳ್ಳುತ್ತದೆ. ಖಾಡಿಯ ದಂಡೆಯ ನಮ್ಮ ಊರುಗಳ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಆ ಉಪಾಯವೂ ಅರ್ಧಕ್ಕೇ ನಿಲ್ಲುತ್ತದೆ. ಕಾಳಿ ಬಚ್ಚಲ ಕಲ್ಲಿನ ಮೇಲೆ ಹೊಟ್ಟೆ ಊರಿ ಮಲಗುತ್ತಿದ್ದುದನ್ನು ಮೊದಲು ತುಂಟತನವೆಂದು ಗದರಿಸುತ್ತಿದ್ದೆವು. ಅದರ ತೀರದ ಹಸಿವಿನ ವಿಷಯವೂ ಹೀಗೆಯೇ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕರಲ್ಲಿ ಸುಮಾರು ಒಂದು ಲ್ಯಾಬ್ರಡಾರ್‌ನಲ್ಲಿ ಹಸಿವೆಯನ್ನು ನಿಯಂತ್ರಿಸುವ ಒಂದು ವಂಶವಾಹಿಯ ತುಣುಕೇ ಕಾಣೆಯಾಗಿದೆ. ನಮ್ಮ ಅವ್ವ ತಟ್ಟೆಯ ಕೊನೆಯ ರೊಟ್ಟಿ ಚೂರನ್ನು ಪ್ರತಿ ರಾತ್ರಿ ಅದಕ್ಕೆ ಹಾಕುತ್ತಿದ್ದುದರ ಫಲವನ್ನು ಅದರ ಕೀಲುಗಳು ಮುಂದೆ ಅನುಭವಿಸಬೇಕಾಯಿತು.

ನೀರಿನ ಮೋಹಕ್ಕೂ ಇಲ್ಲಿ ಅಪಾಯವಿದೆ. ಮಳೆಗಾಲದ ರಸ್ತೆಯ ನೀರಿನಲ್ಲಿ ಇಲಿಯ ಮೂತ್ರ ಬೆರೆತು ಇಲಿಜ್ವರ ಹರಡುತ್ತದೆ. ಅದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು, ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳ ಮನೆಗಳಿಗೆ ನುಗ್ಗಿದ ವರ್ಷವನ್ನು ಕಂಡ ನಮಗೆ ಈ ಭಯ ಹೊಸದಲ್ಲ. ಆದುದರಿಂದ ವರ್ಷಕ್ಕೊಮ್ಮೆ ಚುಚ್ಚುಮದ್ದು, ಮಳೆಯಲ್ಲಿ ನೆನೆದಾಗಲೆಲ್ಲ ಶುದ್ಧ ನೀರಿನ ಸ್ನಾನ, ಕಿವಿಯ ಒಳಗನ್ನು ಒಣಗಿಸುವುದು ಮನೆಯ ನಿಯಮಗಳಾದವು.

ನಾಯಿ ಮತ್ತು ನಗರದ ಸಂಬಂಧಕ್ಕೆ ನಮ್ಮ ಈ ಭಾಗದಲ್ಲಿ ದೀರ್ಘ ಚರಿತ್ರೆಯೇ ಇದೆ. ಬೀದಿನಾಯಿಗಳನ್ನು ಕೊಂದವರಿಗೆ ಇನಾಮು ಕೊಡುವ ಪದ್ಧತಿ ಕಂಪನಿ ಸರ್ಕಾರದ ಮುಂಬಯಿಯಲ್ಲಿತ್ತು. 1832ರ ಜೂನ್ 6ರಂದು ಇದರ ವಿರುದ್ಧ ಪಾರಸಿಗಳು ಕೋಟೆ ಪ್ರದೇಶದಲ್ಲಿ ದಂಗೆಯೆದ್ದರು. ಅವರ ಧರ್ಮದಲ್ಲಿ ನಾಯಿ ಪವಿತ್ರ ಪ್ರಾಣಿ. ಸತ್ತವರ ಅಂತ್ಯಸಂಸ್ಕಾರದಲ್ಲಿ ನಾಯಿಯ ದೃಷ್ಟಿ ಬೀಳಬೇಕೆಂಬ ವಿಧಿಯೇ ಇದೆ. ಮರುದಿನ ಇತರ ಸಮುದಾಯಗಳೂ ಸೇರಿ ಅಂಗಡಿಗಳು ಮುಚ್ಚಿದವು, ವ್ಯಾಪಾರ ನಿಂತಿತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮ್ಶೆಟ್‌ಜಿ ಜೀಜೀಭಾಯ್ ಮೊದಲಾದವರ ದಾನದಿಂದ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು. ಅದೇ ಶತಮಾನದ ಎಂಬತ್ತರ ದಶಕದಲ್ಲಿ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಅವರ ಹೆಸರಿನ ಪ್ರಾಣಿಗಳ ಆಸ್ಪತ್ರೆ ತೆರೆಯಿತು. ಇಂದಿಗೂ ಡೊಂಬಿವಲಿ, ಕಲ್ಯಾಣಗಳಿಂದ ಕಾಯಿಲೆಯ ನಾಯಿಗಳನ್ನು ಕಟ್ಟಿಕೊಂಡು ಪರೇಲಿಗೆ ಹೋಗುವವರಿದ್ದಾರೆ.

ಈ ನಗರ ಒಂದು ಲ್ಯಾಬ್ರಡಾರ್‌ಗೆ ನೇರವಾಗಿ ಋಣಿಯಾದ ಪ್ರಸಂಗವೂ ಇದೆ. 1993ರ ಮಾರ್ಚ್ 12ರ ಸರಣಿ ಬಾಂಬುಸ್ಫೋಟಗಳಲ್ಲಿ 257 ಜನ ಸತ್ತರು. ಅಂದು ಸಂಜೆ ವಿ.ಟಿ.ಯಿಂದ ಡೊಂಬಿವಲಿಗೆ ಬಂದ ಲೋಕಲ್ ಗಾಡಿಯಲ್ಲಿ ಯಾರೂ ಮಾತನಾಡಿರಲಿಲ್ಲ ಎಂಬುದು ನನಗಿನ್ನೂ ನೆನಪಿದೆ. ಮುಂಬಯಿ ಪೊಲೀಸರ ಬಾಂಬು ಪತ್ತೆ ದಳಕ್ಕೆ ಕೇವಲ ಎರಡೂವರೆ ತಿಂಗಳ ಹಿಂದೆ, 1992ರ ಡಿಸೆಂಬರಿನಲ್ಲಿ, ಒಂದು ವರ್ಷದ ಲ್ಯಾಬ್ರಡಾರ್ ಸೇರಿತ್ತು. ಪುಣೆಯಲ್ಲಿ ತರಬೇತಿ ಪಡೆದ ಅದಕ್ಕೆ 1973ರ ಹಿಂದಿ ಚಿತ್ರದ ಹೆಸರನ್ನೇ ಇಟ್ಟಿದ್ದರು: ಜಂಜೀರ್. ಸ್ಫೋಟಗಳ ಮುಂದಿನ ದಿನಗಳಲ್ಲಿ ಮುಂಬಯಿ, ಮುಂಬ್ರಾ ಮತ್ತು ಥಾಣೆಗಳಲ್ಲಿ ಅದು ಪತ್ತೆಮಾಡಿದ ಆರ್‌ಡಿಎಕ್ಸ್ 3,329 ಕಿಲೋ, ಕೈಬಾಂಬುಗಳು 249, ಡಿಟೊನೇಟರುಗಳು 600 ಎಂಬುದು ದಾಖಲೆಯಲ್ಲಿದೆ. ನಾವು ನಿತ್ಯ ಹಾದುಹೋಗುವ ಮುಂಬ್ರಾ, ಥಾಣೆಗಳ ನೆಲದಲ್ಲಿ ಸಿಡಿಯದೆ ಉಳಿದ ಆ ಮದ್ದು ಎಷ್ಟು ಮನೆಗಳನ್ನು ಉಳಿಸಿತೋ ಲೆಕ್ಕ ಹಾಕಿದವರಿಲ್ಲ. 2000ದ ನವೆಂಬರ್ 16ರಂದು, ತನ್ನ ಎಂಟನೆಯ ವಯಸ್ಸಿನಲ್ಲಿ, ಜಂಜೀರ್ ಮೂಳೆಯ ಕ್ಯಾನ್ಸರಿನಿಂದ ಪರೇಲಿನ ಪಶು ಆಸ್ಪತ್ರೆಯಲ್ಲಿ ಸತ್ತಿತು. ಪೂರ್ಣ ಗೌರವದೊಂದಿಗೆ ಅದನ್ನು ಮಣ್ಣುಮಾಡಿದರು.

2008ರ ನವೆಂಬರ್ ದಾಳಿಯಲ್ಲಿ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಎಂಬ ನಾಲ್ಕು ನಾಯಿಗಳೂ ಇದೇ ತಳಿಯವು. ನಿವೃತ್ತಿಯ ನಂತರ ಅವನ್ನು ವಿರಾರ್‌ನ ಒಂದು ತೋಟದಲ್ಲಿ ಸಾಕಿದರು; 2016ರ ಒಂದೇ ವರ್ಷದಲ್ಲಿ ನಾಲ್ಕೂ ತೀರಿದವು.

ಇವೆಲ್ಲ ಸಾಹಸ ಮಾಡಿದ ನಾಯಿಗಳು. ಏನನ್ನೂ ಪತ್ತೆಹಚ್ಚದ, ಯಾರನ್ನೂ ಕಾಪಾಡದ, ಬಾಗಿಲು ಬಡಿದ ಅಪರಿಚಿತನ ಕೈಯನ್ನೂ ನೆಕ್ಕುವ ಮನೆಯ ನಾಯಿಗೆ ನಾವು ಏನು ಸಲ್ಲಿಸಬೇಕು? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಸಾವಿರ ವರ್ಷ ಹಳೆಯ ಕನ್ನಡ ಶಾಸನವೊಂದರಲ್ಲಿ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕ 872, ಎಂದರೆ ಕ್ರಿ.ಶ. 949-50ರ ಶಾಸನವದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದಾಗ, ಅವನ ಭಾವಮೈದುನನಾದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಬೂತುಗನ ಸೇವಕ ಮಣಲೆರನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಒಡೆಯ, ಬೇಕಾದುದನ್ನು ಕೇಳು ಎಂದನು. ಮಣಲೆರ ಕೇಳಿದ್ದು ಬೂತುಗನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಒಂದು ಹಂದಿಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರನು ಆತಕೂರಿನ ಶಿವಾಲಯದ ಮುಂದೆ ಕಲ್ಲು ನೆಡಿಸಿದನು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ.

ಡೊಂಬಿವಲಿಗೂ ಆತಕೂರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ಕಲ್ಲು ನೆಟ್ಟಾಗ ಥಾಣೆಯಲ್ಲಿ, ಎಂದರೆ ಅಂದಿನ ಶ್ರೀಸ್ಥಾನಕದಲ್ಲಿ, ಆಳುತ್ತಿದ್ದ ಉತ್ತರ ಕೊಂಕಣದ ಶಿಲಾಹಾರರು ಅದೇ ರಾಷ್ಟ್ರಕೂಟರ ಸಾಮಂತರಾಗಿದ್ದರು. ರಾಷ್ಟ್ರಕೂಟರ ಆಳ್ವಿಕೆ ಅಳಿದು ಎರಡು ದಶಕಗಳು ಕಳೆದ ಮೇಲೂ, 997ರಲ್ಲಿ, ಭಿವಂಡಿ ಸಮೀಪದ ಭಾದಾಣದ ದಾನಶಾಸನದಲ್ಲಿ ಶಿಲಾಹಾರ ಅಪರಾಜಿತನು ಆ ಹಳೆಯ ಒಡೆಯರ ವಂಶಾವಳಿಯನ್ನು ಹೇಳಿ ಅವರ ಪತನಕ್ಕೆ ಮರುಗಿದ್ದಾನೆ. ಇಲ್ಲದ ಒಡೆಯನನ್ನು ನೆನೆದ ಸಾಮಂತ ನಮ್ಮ ಈ ಜಿಲ್ಲೆಯವನೇ.

ಆತಕೂರು ಶಾಸನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇಟೆಯ ಭಾಗಕ್ಕಿಂತ ಅದರ ಮುಂದಿನ ಏರ್ಪಾಡು. ಕಾಳಿಯ ಕಲ್ಲಿಗೆ ಮಣಲೆರ ಭೂಮಿಯನ್ನು ದತ್ತಿ ಬಿಟ್ಟನು. ಅಲ್ಲಿನ ಪೂಜೆಯ ಹೊಣೆ ಹೊತ್ತ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಬರೆಸಿದನು. ದುಃಖದಲ್ಲಿ ಕಲ್ಲು ನೆಡಿಸುವುದು ಒಂದು ದಿನದ ಕೆಲಸ. ಊಟಕ್ಕೆ ಮುನ್ನ ಪ್ರತಿದಿನ ನೆನೆಯಬೇಕೆಂದು ವಿಧಿಸುವುದರಲ್ಲಿ ಬೇರೆಯದೇ ತಿಳಿವಳಿಕೆಯಿದೆ: ಪ್ರೀತಿ ಮರೆತುಹೋಗುವಂಥದೆಂದು ಮಣಲೆರ ಬಲ್ಲವನಾಗಿದ್ದ, ಆದುದರಿಂದ ಅದನ್ನು ಕರ್ತವ್ಯವಾಗಿ ಮಾರ್ಪಡಿಸಿ ಇಟ್ಟ.

‘ಗೊರವ’ ಎಂಬ ಆ ಶಬ್ದ ನಮ್ಮ ಮನೆಯಲ್ಲಿ ಬೇರೊಂದು ದಾರಿಯಿಂದ ಬಳಕೆಯಲ್ಲಿತ್ತು. ಅವ್ವನ ತವರು ಹಾವೇರಿ ಕಡೆ. ಮನೆದೇವರು ದೇವರಗುಡ್ಡದ ಮಾಲತೇಶ. ಅಲ್ಲಿನ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸಿ, ಬೊಗಳುತ್ತ, ದೋಣಿಯೆಂಬ ಪಾತ್ರೆಗೆ ಬಾಯಿಟ್ಟು ಪ್ರಸಾದ ತಿನ್ನುವ ಸೇವೆ ಮಾಡುತ್ತಾರೆ. ಜೆಜುರಿಯ ಖಂಡೋಬನ ವಾಘ್ಯಾಗಳದ್ದೂ ಇದೇ ಸಂಪ್ರದಾಯ. ಅಲ್ಲಿಯೂ ದೇವರ ಕುದುರೆಯ ಜೊತೆ ನಾಯಿ ಇದೆ. ಮಡಿಯ ಹೆಸರಿನಲ್ಲಿ ಕಾಳಿಯನ್ನು ಅಡಿಗೆಮನೆಯ ಹೊಸ್ತಿಲು ದಾಟಲು ಬಿಡದಿದ್ದ ಅವ್ವ, ಅದನ್ನು ಯಾರಾದರೂ ಗದರಿಸಿದರೆ ಮಾತ್ರ ಸುಮ್ಮನಿರುತ್ತಿರಲಿಲ್ಲ. “ಮೈಲಾರಪ್ಪನ ಜೀವ ಐತಿ ಅದು. ಸಾಕೂದಾದ್ರ ನೆಟ್ಟಗ ಸಾಕು, ಇಲ್ಲಂದ್ರ ತರಬಾರದಿತ್ತು” ಎಂದು ನನಗೇ ಹೇಳುತ್ತಿದ್ದಳು. ಅವಳು ತೀರಿಕೊಂಡದ್ದು 2021ರಲ್ಲಿ. ಆಮೇಲೆ ಕೆಲವು ತಿಂಗಳು ಕಾಳಿ ಆ ಹೊಸ್ತಿಲ ಹೊರಗೇ ಮಲಗುತ್ತಿತ್ತು. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ.

2023ರ ಮಳೆಗಾಲದಲ್ಲಿ ಕಾಳಿಯ ಹಿಂಗಾಲುಗಳು ಸೋತವು. ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸವೆಯುವುದು ಸಾಮಾನ್ಯವೆಂದೂ, ತೂಕ ಇಳಿಸಬೇಕೆಂದೂ ವೈದ್ಯರು ಹೇಳಿದರು. ಅದೇ ಸಮಯಕ್ಕೆ ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಮೂರು ವಾರ ನಿಂತಿತು. ನಮ್ಮದು ಮೂರನೆಯ ಅಂತಸ್ತು. ಮಗ ಪುಣೆಯಲ್ಲಿ, ನನಗೂ ಹೆಂಡತಿಗೂ ಅರವತ್ತು ದಾಟಿದೆ. 34 ಕಿಲೋ ತೂಕವನ್ನು ದಿನಕ್ಕೆ ಮೂರು ಬಾರಿ ಇಳಿಸಿ ಏರಿಸುವುದು ನಮ್ಮಿಂದಾಗಲಿಲ್ಲ. ಮನೆಯಲ್ಲಿ ಅಸಹ್ಯವಾಗತೊಡಗಿತು. ಒಂದು ರಾತ್ರಿ, ಊರಿಂದಾಚೆಯ ಒಂದು ಪ್ರಾಣಿಗಳ ಆಶ್ರಯಕ್ಕೆ ಫೋನ್ ಮಾಡಿ ವಿಚಾರಿಸಿದವನು ನಾನೇ. ಭಾನುವಾರ ಕರೆತನ್ನಿ ಎಂದರು. ಹೆಂಡತಿ ಏನೂ ಹೇಳಲಿಲ್ಲ. ಕಾಳಿಯ ತಟ್ಟೆಯನ್ನು ತೊಳೆದು ಬೋರಲು ಹಾಕಿದಳು.

ಆ ವಾರ ನಾನು ಸರಿಯಾಗಿ ನಿದ್ರಿಸಲಿಲ್ಲ. ಮಣಲೆರನ ಗೊರವನ ನೆನಪು ಊಟಕ್ಕೆ ಕೂತಾಗಲೆಲ್ಲ ಬರುತ್ತಿತ್ತು. ಒಂದು ನಾಯಿಗೆ ಶಾಸನದಲ್ಲಿದ್ದ ಹೆಸರನ್ನು ಇಟ್ಟು, ಸಭೆಗಳಲ್ಲಿ ಆ ಕಥೆಯನ್ನು ಹೆಮ್ಮೆಯಿಂದ ಹೇಳಿಕೊಂಡವನು, ಶಾಸನದ ಕೊನೆಯ ಸಾಲುಗಳನ್ನು ಮಾತ್ರ ತನಗೆ ಸಂಬಂಧಿಸಿದುದಲ್ಲವೆಂದು ಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಅಪ್ಪನ ಕಾಲದ ದಪ್ಪನೆಯ ಧೋತರವೊಂದನ್ನು ಮಡಿಸಿ ಕಾಳಿಯ ಹೊಟ್ಟೆಯ ಕೆಳಗೆ ಹಾಯಿಸಿ, ಒಂದು ತುದಿಯನ್ನು ನಾನು ಹಿಡಿದೆ. ಇನ್ನೊಂದು ತುದಿ ಹಿಡಿಯಲು ಹೆಂಡತಿ ಬರುವಷ್ಟರಲ್ಲಿ ಎದುರು ಮನೆಯ ಕಾಕು ಬಾಗಿಲು ತೆರೆದು, ಏನನ್ನೂ ಕೇಳದೆ, ಬಂದು ಹಿಡಿದರು. ಮೂರು ಅಂತಸ್ತು ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಭಾನುವಾರ ಆಶ್ರಯಕ್ಕೆ ಫೋನ್ ಮಾಡಿ ಬರುವುದಿಲ್ಲವೆಂದು ತಿಳಿಸಿದೆ. ಲಿಫ್ಟು ಸರಿಯಾಗುವವರೆಗೂ ಕಟ್ಟಡದ ನಾಲ್ಕು ಮನೆಯವರು ಸರದಿಯಂತೆ ಆ ಧೋತರದ ತುದಿ ಹಿಡಿದಿದ್ದಾರೆ. ನಾಯಿಯನ್ನು ಲಿಫ್ಟಿನಲ್ಲಿ ಒಯ್ಯಬಾರದೆಂದು ಹಿಂದೊಮ್ಮೆ ಸೊಸೈಟಿಯ ಸಭೆಯಲ್ಲಿ ತಕರಾರು ಎತ್ತಿದ್ದವರೂ ಅವರಲ್ಲಿದ್ದರು.

ಸೋತ ಕಾಲುಗಳಿಗೆ ಈಜು ಒಳ್ಳೆಯ ವ್ಯಾಯಾಮ, ಮೈಯ ಭಾರವನ್ನು ನೀರು ಹೊರುವುದರಿಂದ ಕೀಲಿಗೆ ನೋವಾಗದು ಎಂದು ವೈದ್ಯರು ಹೇಳಿದ್ದರು. ಆದುದರಿಂದ ಮಳೆ ನಿಂತು ನೀರು ತಿಳಿಯಾದ ಮೇಲೆ, ಹದಿನೈದು ದಿನಕ್ಕೊಮ್ಮೆ ಗೆಳೆಯರೊಬ್ಬರ ಕಾರಿನಲ್ಲಿ ಬದಲಾಪುರ ದಾಟಿ ಹೋಗುತ್ತೇವೆ. ಕಾರ್ಖಾನೆಗಳ ಹೊಲಸು ಸೇರುವುದಕ್ಕೆ ಮೊದಲು ಉಲ್ಹಾಸ್ ನದಿ ಅಲ್ಲಿ ಕಲ್ಲುಗಳ ನಡುವೆ ಮೊಣಕಾಲುದ್ದ ಹರಿಯುತ್ತದೆ. ಕಾರಿನಿಂದ ದಡದವರೆಗೆ ಕಾಳಿಯನ್ನು ಧೋತರದಲ್ಲಿ ಎತ್ತಿಕೊಂಡೇ ಹೋಗಬೇಕು. ನೀರು ಹೊಟ್ಟೆಗೆ ತಾಗಿದೊಡನೆ ಅದು ಕತ್ತು ಚಾಚಿ, ಆ ದಪ್ಪ ಬಾಲವನ್ನು ಚುಕ್ಕಾಣಿಯಂತೆ ಹಿಂದಕ್ಕೆ ನೀಡಿ, ತಾನಾಗಿ ಈಜತೊಡಗುತ್ತದೆ. ಕಳೆದ ಬಾರಿ ಆಚೆ ದಡದ ಒಂದು ಒಣಕೊಂಬೆಯನ್ನು ಕಚ್ಚಿ ತಂದು ನನ್ನ ಕಾಲಬಳಿ ಇಟ್ಟಿತು. ನಾನು ಅದನ್ನು ಮತ್ತೆ ನೀರಿಗೆ ಎಸೆದೆ.